ಚಕ್ರ ಬಿಚ್ಚಿ ಕೊಟ್ಟವರು

(ಶಾಲೆಯ ಸುವರ್ಣ ಮಹೋತ್ಸವದ ಗುರು-ಶಿಷ್ಯ ಸಮಾವೇಶದಲ್ಲಿ 1982ನೇ ಸಾಲಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಈ ಶಾಲೆಯ ಎಂಟನೇ ತರಗತಿಗೆ ಸೇರಿದ್ದು 1979ರಲ್ಲಿ. ಆಗ ಇಲ್ಲಿ ಮೂರು ಕೋಣೆ, ಒಂದು ತಗಡಿನ ಶೆಡ್ಡು, ಒಂದು ಬೇವಿನ ಮರ ಇದ್ದವು. ನಮ್ಮಪ್ಪ ಬಸ್ ನಿಲ್ದಾಣದ ಎದುರು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಪಂಕ್ಚರ್ ತಿದ್ದುವುದು, ಗಾಲಿಯ ಓರೆ ತೆಗೆಯುವುದು. ಆ ಕೈಗಂಟಿದ ಗ್ರೀಸು ನನ್ನನ್ನು ಪಾಲಿಟೆಕ್ನಿಕ್ಕಿಗೆ ಕರೆದುಕೊಂಡು ಹೋಯಿತು. ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತಾ ಬಂದು ಮುಂದಿನ ವರ್ಷ ನಿವೃತ್ತನಾಗುತ್ತೇನೆ.

ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಶಾಲೆಯ ನೆನಪುಗಳನ್ನು ಎಲ್ಲರೂ ಹೇಳುತ್ತಾರೆ, ನೀವು ಮಕ್ಕಳಿಗೆ ನಿಮಗೆ ಗೊತ್ತಿರುವ ವಿಷಯವೊಂದನ್ನು ಹೇಳಿ" ಎಂದರು. ನನಗೆ ಗೊತ್ತಿರುವುದು ಸೈಕಲ್. ಅದಕ್ಕೇ ಇವತ್ತು ಪ್ರಪಂಚದ ಅತಿ ದೊಡ್ಡ ಸೈಕಲ್ ಓಟದ ವಿಷಯ ಹೇಳುತ್ತೇನೆ. ಕೊನೆಗೆ ನಮ್ಮ ಶಾಲೆಗೇ ಬರುತ್ತೇನೆ, ಚಿಂತೆ ಬೇಡ.

ಆ ಓಟದ ಹೆಸರು ಟೂರ್ ಡಿ ಫ್ರಾನ್ಸ್. ಸಾಮಾನ್ಯವಾಗಿ ಪ್ರತಿ ವರ್ಷ ಜುಲೈ ತಿಂಗಳಿನಲ್ಲಿ ಫ್ರಾನ್ಸ್ ದೇಶದಲ್ಲಿ ನಡೆಯುತ್ತದೆ. ಇದು ಒಂದೇ ದಿನದಲ್ಲಿ ಮುಗಿಯುವ ಸ್ಪರ್ಧೆಯಲ್ಲ. ಈಗಿನ ಲೆಕ್ಕದಲ್ಲಿ 21 ಹಂತಗಳು, ನಡುವೆ ಎರಡು ದಿನ ವಿಶ್ರಾಂತಿ, ಒಟ್ಟು ಸುಮಾರು 3,400 ಕಿಲೋಮೀಟರ್. ಪ್ರತಿ ದಿನ ತೆಗೆದುಕೊಂಡ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವರಿಗೆ ಹಳದಿ ಅಂಗಿ. ಒಂದು ದಿನ ಎಲ್ಲರಿಗಿಂತ ಮುಂದೆ ಬಂದರೆ ಸಾಲದು, ಮೂರು ವಾರವೂ ತಾಳಬೇಕು. ಗಾಳಿ, ಮಳೆ, ಬಿಸಿಲು, ಆಲ್ಪ್ಸ್ ಮತ್ತು ಪಿರಿನೀಸ್ ಪರ್ವತಗಳ ಏರು ಇಳಿವು, ಎಲ್ಲವನ್ನೂ ದಾಟಬೇಕು.

ಮೊದಲ ಓಟ ನಡೆದದ್ದು 1903ರಲ್ಲಿ. 'ಲೋಟೋ' ಎಂಬ ಕ್ರೀಡಾ ಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳಲು ಅದನ್ನು ಏರ್ಪಡಿಸಿತು. 60 ಜನ ಹೊರಟರು, ಕೊನೆ ಮುಟ್ಟಿದವರು 21 ಜನ. ಹಂತಗಳು ಆರೇ, ಆದರೆ ದೂರ 2,428 ಕಿಲೋಮೀಟರ್. ಗೆದ್ದವನು ಮೋರಿಸ್ ಗಾರೆನ್. ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ ಬಹಳ ಕಠಿಣ ಮನುಷ್ಯ. ಓಟ ಅಂದರೆ ಒಬ್ಬ ಮನುಷ್ಯ, ಒಂದು ಸೈಕಲ್, ಅಷ್ಟೇ ಎಂಬುದು ಆತನ ನಂಬಿಕೆ. ಸೈಕಲ್ ಕೆಟ್ಟರೆ ಸವಾರನೇ ತಿದ್ದಿಕೊಳ್ಳಬೇಕು, ಬೇರೆಯವರ ಸಹಾಯ ಪಡೆಯಬಾರದು ಎಂದು ನಿಯಮ ಬಂತು. ಹಳೆಯ ಫೋಟೋಗಳನ್ನು ನೋಡಿದರೆ ಸವಾರರು ಹೆಗಲಿಗೆ ಅಡ್ಡವಾಗಿ ಟಯರುಗಳನ್ನು ಹಾಕಿಕೊಂಡಿರುತ್ತಾರೆ. ಅದು ಅಲಂಕಾರವಲ್ಲ, ಪಂಕ್ಚರ್ ಆದಾಗ ಬೇಕಾಗುವ ಸಾಮಾನು.

ಈ ನಿಯಮ ಎಂಥದ್ದು ಎಂಬುದಕ್ಕೆ 1913ರ ಒಂದು ಘಟನೆ ಸಾಕು. ಯೂಜೀನ್ ಕ್ರಿಸ್ಟೋಫ್ ಎಂಬ ಸವಾರ ಗೆಲ್ಲುವವರ ಸಾಲಿನಲ್ಲಿದ್ದ. ಪಿರಿನೀಸ್‌ನ ಟೂರ್ಮಾಲೆ ಘಟ್ಟ ಇಳಿಯುವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಮಕ್ಕಳೇ, ಫೋರ್ಕ್ ಮುರಿದರೆ ಗಾಲಿ ನಿಲ್ಲುವುದಕ್ಕೇ ಜಾಗವಿರುವುದಿಲ್ಲ. ಅವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಗಾಲಿಯನ್ನು ಕೈಯಲ್ಲಿ ಹಿಡಿದು, ಮೈಲುಗಟ್ಟಲೆ ನಡೆದು ಸೇಂಟ್ ಮರಿ ದ ಕಾಂಪಾನ್ ಎಂಬ ಹಳ್ಳಿಗೆ ಬಂದ. ಅಲ್ಲಿ ಒಂದು ಕಮ್ಮಾರಸಾಲೆ ಇತ್ತು. ಕಮ್ಮಾರ ಇದ್ದ, ಆದರೆ ಅವನು ಮುಟ್ಟುವ ಹಾಗಿಲ್ಲ. ಓಟದ ಅಧಿಕಾರಿಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕ್ರಿಸ್ಟೋಫ್ ಚಿಕ್ಕಂದಿನಲ್ಲಿ ಬೀಗದ ಕೆಲಸ ಕಲಿತವನು. ತಾನೇ ಕಬ್ಬಿಣ ಕಾಯಿಸಿ, ಬಡಿದು, ಬೆಸೆದು ಫೋರ್ಕ್ ಸರಿಮಾಡಿಕೊಂಡ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ. ತಿದಿ ಒತ್ತುವುದಕ್ಕೆ ಮೂರನೇ ಕೈ ಇಲ್ಲ. ಅಲ್ಲಿದ್ದ ಒಬ್ಬ ಚಿಕ್ಕ ಹುಡುಗ ತಿದಿ ಒತ್ತಿದ.

ಆ ಹುಡುಗ ತಿದಿ ಒತ್ತಿದ್ದೇ ತಪ್ಪಾಯಿತು. ಹೊರಗಿನವರ ಸಹಾಯ ಪಡೆದನೆಂದು ಕ್ರಿಸ್ಟೋಫ್‌ಗೆ ಹತ್ತು ನಿಮಿಷದ ದಂಡ ಹಾಕಿದರು, ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು. ಅಷ್ಟರಲ್ಲಿ ಅವನು ಗಂಟೆಗಟ್ಟಲೆ ಕಾಲ ಕಳೆದುಕೊಂಡಿದ್ದ, ಗೆಲುವು ಹೋಗಿತ್ತು. ಆದರೂ ಓಟ ಬಿಡದೆ ಏಳನೆಯವನಾಗಿ ಮುಗಿಸಿದ. 1919ರಲ್ಲಿ ಟೂರ್‌ನ ಹಳದಿ ಅಂಗಿಯನ್ನು ಮೊದಲು ಕೊಟ್ಟಿದ್ದು ಇದೇ ಕ್ರಿಸ್ಟೋಫ್‌ಗೆ. ಆ ವರ್ಷವೂ ಕೊನೆ ಹತ್ತಿರ ಬಂದಾಗ ಫೋರ್ಕ್ ಮತ್ತೆ ಮುರಿಯಿತು, ಮತ್ತೆ ತಾನೇ ಬೆಸೆದುಕೊಂಡ, ಮೂರನೆಯವನಾದ. ಟೂರ್ ಅನ್ನು ಅವನು ಒಮ್ಮೆಯೂ ಗೆಲ್ಲಲಿಲ್ಲ. ಆದರೂ ಆ ಹಳ್ಳಿಯ ಕಮ್ಮಾರಸಾಲೆಯ ಗೋಡೆಯ ಮೇಲೆ ಅವನ ಹೆಸರಿನ ಫಲಕವಿದೆ.

ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರು, "ಸರ್, ಎಂಥಾ ಸ್ವಾವಲಂಬನೆ!" ಎನ್ನುತ್ತಾರೆ. ನಿಜ. ಆದರೆ ನನ್ನ ಕಣ್ಣು ಹೋಗುವುದು ತಿದಿ ಒತ್ತಿದ ಆ ಹುಡುಗನ ಕಡೆ. ಒಬ್ಬನ ಎರಡು ಕೈ ಸಾಲದೆ ಬಂದಾಗ ಮೂರನೇ ಕೈ ಕೊಟ್ಟವನನ್ನು ತಪ್ಪು ಎಂದ ನಿಯಮ ಬಹಳ ಕಾಲ ನಿಲ್ಲಲಾರದು. ನಿಲ್ಲಲೂ ಇಲ್ಲ.

1934ಕ್ಕೆ ಬನ್ನಿ. ಆಗ ಒಂದೊಂದು ದೇಶಕ್ಕೆ ಒಂದೊಂದು ತಂಡ. ಫ್ರಾನ್ಸ್ ತಂಡದ ನಾಯಕ ಆಂಟೊನಿನ್ ಮಾಗ್ನೆ, ಹಳದಿ ಅಂಗಿ ಅವನ ಮೈಮೇಲಿತ್ತು. ಅದೇ ತಂಡದಲ್ಲಿ ರೆನೆ ವಿಯೆಟೊ ಎಂಬ 20 ವರ್ಷದ ಹುಡುಗ. ಹೋಟೆಲಿನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡಿಕೊಂಡಿದ್ದವನು, ಘಟ್ಟ ಏರುವುದರಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಪಿರಿನೀಸ್‌ನಲ್ಲಿ ಒಂದು ಇಳಿಜಾರಿನಲ್ಲಿ ಮಾಗ್ನೆ ಬಿದ್ದು ಅವನ ಮುಂದಿನ ಗಾಲಿ ಮುರಿಯಿತು. ವಿಯೆಟೊ ನಿಂತ. ತನ್ನ ಮುಂದಿನ ಗಾಲಿ ಬಿಚ್ಚಿ ಕೊಟ್ಟ. ಮಾಗ್ನೆ ಹೊರಟುಹೋದ. ಸಾಮಾನಿನ ಲಾರಿ ಬರುವ ತನಕ ವಿಯೆಟೊ ರಸ್ತೆ ಬದಿಯ ಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದ, ಪಕ್ಕದಲ್ಲಿ ಒಂದು ಗಾಲಿಯಿಲ್ಲದ ಸೈಕಲ್. ಬೇರೆಯವರೆಲ್ಲ ಅವನ ಮುಂದೆಯೇ ಹಾದುಹೋದರು. ಹುಡುಗ ಅಳುತ್ತಿದ್ದ. ಆ ಫೋಟೋ ಇಂದಿಗೂ ಪ್ರಸಿದ್ಧ.

ಮರುದಿನ ನಡೆದದ್ದು ಅದಕ್ಕಿಂತ ದೊಡ್ಡದು. ಮಾಗ್ನೆಯ ಸೈಕಲ್ ಮತ್ತೆ ಕೆಟ್ಟಿತು. ಆಗ ವಿಯೆಟೊ ಮುಂದೆ ಇದ್ದ. ವಿಷಯ ತಿಳಿದು ತಿರುಗಿದ. ಇಳಿದ ಘಟ್ಟವನ್ನೇ ಓಟದ ಎದುರು ದಿಕ್ಕಿನಲ್ಲಿ ಮತ್ತೆ ಏರಿ, ನಾಯಕನಿಗೆ ತನ್ನ ಸೈಕಲ್ಲನ್ನೇ ಕೊಟ್ಟ. ಆ ವರ್ಷದ ಟೂರ್ ಅನ್ನು ಮಾಗ್ನೆ ಗೆದ್ದ. ವಿಯೆಟೊ ಐದನೆಯವನಾದ, ಪರ್ವತದ ರಾಜ ಎಂಬ ಬಹುಮಾನ ಅವನಿಗೆ ಬಂತು. ಆ ಎರಡು ದಿನ ನಿಲ್ಲದೆ ಹೋಗಿದ್ದರೆ ಅವನೇ ಗೆಲ್ಲುತ್ತಿದ್ದನೇ? ಇದನ್ನು ಜನ ಇಂದಿಗೂ ವಾದಿಸುತ್ತಾರೆ. ಅಂಥ ಲೆಕ್ಕಕ್ಕೆ ಉತ್ತರವಿಲ್ಲ. ಅವನು ಮುಂದೆ ಎಷ್ಟೋ ಸಲ ಓಡಿದ, ಆದರೆ ಟೂರ್ ಅನ್ನು ಎಂದೂ ಗೆಲ್ಲಲಿಲ್ಲ.

ಈಗ ಇಂದಿನ ಓಟ ಹೇಗಿದೆ ನೋಡೋಣ. ಒಂದೊಂದು ತಂಡಕ್ಕೆ ಎಂಟು ಸವಾರರು, ಇಪ್ಪತ್ತೆರಡು ಇಪ್ಪತ್ಮೂರು ತಂಡಗಳು. ಸವಾರರ ಹಿಂದೆ ತಂಡದ ಕಾರುಗಳ ಸಾಲು. ಕಾರಿನ ಮೇಲೆ ಸೈಕಲ್ಲುಗಳು, ಹಿಂದಿನ ಸೀಟಿನಲ್ಲಿ ಮೆಕ್ಯಾನಿಕ್, ಅವನ ಪಕ್ಕದಲ್ಲಿ ಗಾಲಿಗಳು. ನಾಯಕನ ಬದಲಿ ಸೈಕಲ್ಲನ್ನು ಕಾರಿನ ಅಂಚಿಗೇ ಕಟ್ಟಿರುತ್ತಾರೆ, ಇಳಿದ ಕೂಡಲೇ ಕೈಗೆ ಸಿಗಲಿ ಎಂದು. ಗಾಲಿ ಬದಲಿಸಲು ಪಳಗಿದ ಮೆಕ್ಯಾನಿಕ್‌ಗೆ ಕೆಲವೇ ಸೆಕೆಂಡು ಸಾಕು. ಸಂಜೆ ಸವಾರರು ಮಲಗಿದ ಮೇಲೆ ಹೋಟೆಲಿನ ಅಂಗಳದಲ್ಲಿ ಮೆಕ್ಯಾನಿಕ್‌ಗಳ ದಿನ ಶುರು. ಪ್ರತಿ ಸೈಕಲ್ ತೊಳೆಯಬೇಕು, ಸರಪಳಿ ನೋಡಬೇಕು, ಟಯರಿನಲ್ಲಿ ಗಾಜಿನ ಚೂರು ಹೊಕ್ಕಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಅವರ ಹೆಸರು ಟಿವಿಯಲ್ಲಿ ಬರುವುದಿಲ್ಲ.

ಯಾವ ತಂಡಕ್ಕೂ ಸೇರದ ಕಾರು, ಮೋಟಾರ್ ಸೈಕಲ್ಲುಗಳೂ ಇರುತ್ತವೆ. ತಂಡದ ಕಾರು ಹತ್ತಿರ ಇಲ್ಲದಾಗ ಯಾರ ಗಾಲಿ ಕೆಟ್ಟರೂ ಅವರು ಕೊಡುತ್ತಾರೆ. ಒಂದು ಕಾಲದಲ್ಲಿ ದಂಡ ತಂದ ಸಹಾಯವನ್ನು ಈಗ ಓಟವೇ ಏರ್ಪಾಡು ಮಾಡಿ ಕೊಡುತ್ತಿದೆ.

ಸಲಕರಣೆಯೂ ಬದಲಾಗಿದೆ. ನಮ್ಮಪ್ಪನ ಅಂಗಡಿಗೆ ಬರುತ್ತಿದ್ದ ಸೈಕಲ್ 18ರಿಂದ 20 ಕಿಲೋ ತೂಗುತ್ತಿತ್ತು. ಈ ಓಟದ ಸೈಕಲ್ಲನ್ನು ಕಾರ್ಬನ್ ನಾರಿನಿಂದ ಮಾಡುತ್ತಾರೆ. ಎಷ್ಟು ಹಗುರ ಮಾಡಬಲ್ಲರೆಂದರೆ, 6.8 ಕಿಲೋಗಿಂತ ಕಡಿಮೆ ಇರಬಾರದೆಂದು ನಿಯಮವೇ ಮಾಡಬೇಕಾಯಿತು. ಈಗ ಗುಂಡಿ ಒತ್ತಿದರೆ ಗೇರ್ ಬದಲಾಗುತ್ತದೆ. 1937ಕ್ಕೆ ಮೊದಲು ಟೂರ್‌ನಲ್ಲಿ ಸರಪಳಿಯನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದಾಟಿಸುವ ಗೇರ್‌ಗೆ ಅನುಮತಿಯೇ ಇರಲಿಲ್ಲ. ಹಿಂದಿನ ಗಾಲಿಯ ಎರಡು ಬದಿಗೂ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಇರುತ್ತಿತ್ತು. ಘಟ್ಟದ ಬುಡದಲ್ಲಿ ಇಳಿದು, ಗಾಲಿ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಏರುತ್ತಿದ್ದರು.

ಸಲಕರಣೆಯ ಬೆಲೆ ಏನು ಎಂಬುದಕ್ಕೆ 1989ರ ಟೂರ್ ನೋಡಿ. ಕೊನೆಯ ದಿನ ಫ್ರಾನ್ಸಿನ ಲೋರಾಂ ಫಿನ್ಯೋಂ, ಅಮೆರಿಕದ ಗ್ರೆಗ್ ಲೆಮಾಂಡ್‌ಗಿಂತ 50 ಸೆಕೆಂಡು ಮುಂದಿದ್ದ. ಉಳಿದಿದ್ದು ಒಬ್ಬೊಬ್ಬರಾಗಿ ಓಡುವ 24.5 ಕಿಲೋಮೀಟರ್ ಮಾತ್ರ. ಲೆಮಾಂಡ್ ತನ್ನ ಹ್ಯಾಂಡಲ್‌ಗೆ ಮುಂದಕ್ಕೆ ಚಾಚಿದ ಕೊಳವೆ ಹಾಕಿಸಿದ್ದ. ಅದರ ಮೇಲೆ ಮೊಣಕೈ ಊರಿ, ಎರಡೂ ಕೈ ಜೋಡಿಸಿ ಬಾಗಿದರೆ ಗಾಳಿ ಕಡಿಮೆ ತಡೆಯುತ್ತದೆ. ತಲೆಗೆ ಗಾಳಿ ಸೀಳುವ ಹೆಲ್ಮೆಟ್ ಹಾಕಿದ್ದ. ಫಿನ್ಯೋಂ ಬರಿತಲೆಯಲ್ಲಿ, ಜುಟ್ಟು ಹಾರಿಸುತ್ತಾ ಓಡಿದ. 3,285 ಕಿಲೋಮೀಟರ್ ಓಟದ ಕೊನೆಗೆ ಲೆಮಾಂಡ್ ಗೆದ್ದದ್ದು ಎಂಟು ಸೆಕೆಂಡಿನಿಂದ. ಎಂಟು ಸೆಕೆಂಡು ಅಂದರೆ ನಾನು ಈ ಲೋಟದ ನೀರು ಕುಡಿದು ಕೆಳಗಿಡುವಷ್ಟು ಹೊತ್ತು.

ಆದರೆ ಸಲಕರಣೆಯೊಂದೇ ಸಾಲದು ಎಂಬುದಕ್ಕೂ ಉದಾಹರಣೆ ಇದೆ. 2016ರಲ್ಲಿ ವಾಂಟೂ ಪರ್ವತದ ಏರಿನಲ್ಲಿ ಜನಜಂಗುಳಿಯ ನಡುವೆ ಮೋಟಾರ್ ಸೈಕಲ್ ನಿಂತುಬಿಟ್ಟು ಹಳದಿ ಅಂಗಿಯ ಕ್ರಿಸ್ ಫ್ರೂಮ್ ಬಿದ್ದ. ಸೈಕಲ್ ಮುರಿಯಿತು, ತಂಡದ ಕಾರು ಜನರ ಹಿಂದೆ ಸಿಕ್ಕಿಕೊಂಡಿತ್ತು. ಪ್ರಪಂಚದ ಅತ್ಯುತ್ತಮ ಸೈಕಲ್ಲುಗಳಿರುವ ತಂಡದ ನಾಯಕ ಸೈಕಲ್ಲೇ ಇಲ್ಲದೆ ಘಟ್ಟದ ಮೇಲೆ ಓಡತೊಡಗಿದ. ಸಾಮಾನ್ಯ ಸಹಾಯದವರು ಒಂದು ಸೈಕಲ್ ಕೊಟ್ಟರು, ಅದು ಅವನ ಅಳತೆಗೆ ಹೊಂದಲಿಲ್ಲ. ಕೊನೆಗೆ ತನ್ನ ತಂಡದ ಕಾರು ಬಂದ ಮೇಲೆಯೇ ಮುಂದಿನ ದಾರಿ ಸುಗಮವಾಯಿತು. ಸಾಮಾನು ಎಷ್ಟು ಒಳ್ಳೆಯದಿದ್ದರೂ ಬೇಕಾದ ಹೊತ್ತಿಗೆ ಅದನ್ನು ಹಿಡಿದು ನಿಂತ ಮನುಷ್ಯ ಹತ್ತಿರ ಇರಬೇಕು.

ತಂಡದಲ್ಲಿ ಅಂಥ ಮನುಷ್ಯರಿಗೆ ಫ್ರೆಂಚ್ ಭಾಷೆಯಲ್ಲಿ 'ದೊಮೆಸ್ಟಿಕ್' ಎನ್ನುತ್ತಾರೆ. ಅಂದರೆ ಮನೆಯಾಳು. ಹೆಸರು ಕೇಳಲು ಚೆನ್ನಾಗಿಲ್ಲ, ಆದರೆ ಅವರಿಲ್ಲದೆ ನಾಯಕನಿಲ್ಲ. ಕಾರಿನ ತನಕ ಹಿಂದೆ ಬಂದು, ಅಂಗಿಯ ಒಳಗೆಲ್ಲ ನೀರಿನ ಬಾಟಲಿ ತುಂಬಿಕೊಂಡು, ಮತ್ತೆ ಮುಂದೆ ಹೋಗಿ ಹಂಚುವವರು ಅವರು. ನಾಯಕನ ಮುಂದೆ ಓಡಿ ಗಾಳಿ ತಡೆಯುವವರೂ ಅವರೇ. ಸಮತಟ್ಟಿನ ಮೇಲೆ ವೇಗವಾಗಿ ಹೋಗುವಾಗ ಸವಾರನ ಶ್ರಮದ ಬಹುಪಾಲು ಹೋಗುವುದು ಗಾಳಿಯನ್ನು ತಳ್ಳುವುದಕ್ಕೆ. ಒಬ್ಬನ ಹಿಂದೆ ಅಂಟಿಕೊಂಡು ಓಡಿದರೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಹಾಗೆ ಇಡೀ ದಿನ ಗಾಳಿಗೆ ಎದೆಕೊಟ್ಟವನು ಕೊನೆಯ ಘಟ್ಟದಲ್ಲಿ ಸೋತು ಹಿಂದೆ ಬೀಳುತ್ತಾನೆ. ಉಳಿಸಿಕೊಂಡ ಶಕ್ತಿಯಿಂದ ನಾಯಕ ಮುಂದೆ ಹೋಗುತ್ತಾನೆ. ಅದಕ್ಕೇ ಗೆದ್ದವನು ಬಹುಮಾನದ ಹಣವನ್ನು ತಂಡದವರೊಂದಿಗೆ ಹಂಚಿಕೊಳ್ಳುವುದು ಅಲ್ಲಿಯ ಸಂಪ್ರದಾಯ.

ಮಕ್ಕಳ ಮುಂದೆ ಒಂದು ಕಹಿ ಮಾತನ್ನೂ ಹೇಳಬೇಕು. ಒಗ್ಗಟ್ಟು ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರ ತನಕ ಸತತ ಏಳು ಸಲ ಗೆದ್ದ. ನಿಷೇಧಿತ ಔಷಧ ಬಳಸಿದ್ದು ಸಾಬೀತಾಗಿ 2012ರಲ್ಲಿ ಏಳೂ ಪ್ರಶಸ್ತಿ ಕಿತ್ತುಕೊಂಡರು. ತಂಡದವರು ಕೂಡಿಯೇ ಆ ಮೋಸ ನಡೆಸಿದ್ದರು. ಗೆಳೆಯನಿಗೆ ಗಾಲಿ ಕೊಡುವುದು ಬೇರೆ, ಪರೀಕ್ಷೆಯಲ್ಲಿ ಚೀಟಿ ಕೊಡುವುದು ಬೇರೆ. ವ್ಯತ್ಯಾಸ ನಿಮಗೆ ಗೊತ್ತು.

ಪರೀಕ್ಷೆ ಎಂದೊಡನೆ ನನ್ನ ಮಾತಿಗೆ ಬರುತ್ತೇನೆ. ವಿಯೆಟೊನ ಕಥೆ ಹೇಳುವಾಗಲೆಲ್ಲ ನನಗೆ ನೆನಪಾಗುವುದು 1982ರ ಎಸ್‌ಎಸ್‌ಎಲ್‌ಸಿ ಗಣಿತ ಪರೀಕ್ಷೆಯ ದಿನ. ಆಗ ಪರೀಕ್ಷಾ ಕೇಂದ್ರ ತಾಲ್ಲೂಕಿನಲ್ಲಿ, ಇಲ್ಲಿಂದ 11 ಕಿಲೋಮೀಟರ್. ನಾನು, ನನ್ನ ಗೆಳೆಯ ಸೈಕಲ್ ಮೇಲೆ ಹೊರಟೆವು. ಅರ್ಧ ದಾರಿಯಲ್ಲಿ ನನ್ನ ಸೈಕಲ್ಲಿನ ಫ್ರೀವೀಲ್ ಕೈಕೊಟ್ಟಿತು. ಪೆಡಲ್ ತುಳಿದರೆ ಸರಪಳಿ ತಿರುಗುತ್ತದೆ, ಗಾಲಿ ತಿರುಗುವುದಿಲ್ಲ. ಸೈಕಲ್ ರಿಪೇರಿಯವನ ಮಗ, ಪರೀಕ್ಷೆಯ ಗಡಿಬಿಡಿಯಲ್ಲಿ ತನ್ನ ಸೈಕಲ್ಲನ್ನೇ ನೋಡಿಕೊಂಡಿರಲಿಲ್ಲ. ಗೆಳೆಯ ಮುಂದೆ ಹೋಗಿಬಿಟ್ಟಿದ್ದ. ನಾನು ತಳ್ಳಿಕೊಂಡು ಓಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಎದುರಿನಿಂದ ಒಂದು ಸೈಕಲ್ ಬರುವುದು ಕಾಣಿಸಿತು. ಅವನೇ, ತಿರುಗಿ ಬರುತ್ತಿದ್ದ.

ನನ್ನ ಸೈಕಲ್ಲನ್ನು ತೋಟದ ಮನೆಯೊಂದರಲ್ಲಿ ಬಿಟ್ಟು, ಅವನ ಕ್ಯಾರಿಯರ್ ಮೇಲೆ ಕುಳಿತೆ. ಎದುರುಗಾಳಿ, ಏಪ್ರಿಲ್ ಬಿಸಿಲು. "ನಾನು ತುಳಿಯುತ್ತೇನೆ ಕೊಡೋ" ಎಂದರೆ, "ಇಳಿದು ಹತ್ತುವಷ್ಟು ಹೊತ್ತಿಲ್ಲ" ಎಂದ. ಕಾಲು ಗಂಟೆ ತಡವಾಗಿ ಮುಟ್ಟಿದೆವು, ಪುಣ್ಯಕ್ಕೆ ಒಳಗೆ ಬಿಟ್ಟರು. ನನ್ನ ಮುಂದಿನ ಬೆಂಚಿನಲ್ಲೇ ಅವನು ಕುಳಿತಿದ್ದ. ಬೆನ್ನಿನ ಮೇಲೆ ಅಂಗಿ ತೊಯ್ದು ಅಂಟಿತ್ತು, ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಫಲಿತಾಂಶ ಬಂದಾಗ ನಾನು ಪಾಸಾದೆ. ಅವನು ಗಣಿತದಲ್ಲಿ ಕೆಲವು ಅಂಕಗಳಿಂದ ಹೋದ. ಮತ್ತೆ ಕಟ್ಟಲಿಲ್ಲ. ನಾನು ಪಾಲಿಟೆಕ್ನಿಕ್ಕಿಗೆ ಹೋದೆ, ಅಂಗಡಿಯಲ್ಲಿ ನನ್ನ ಜಾಗಕ್ಕೆ ಅವನು ಬಂದು ಕುಳಿತ. ನಮ್ಮಪ್ಪ ತೀರಿಕೊಂಡ ಮೇಲೆ ಆ ಅಂಗಡಿ ಅವನದೇ ಆಯಿತು.

ಎಷ್ಟೋ ಸಲ ಅವನನ್ನು ಕೇಳಿದ್ದೇನೆ. "ನನಗೆ ರೇಖಾಗಣಿತ ಬರುತ್ತಲೇ ಇರಲಿಲ್ಲ ಮಾರಾಯ, ನೀನು ಸುಮ್ಮನೆ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀ" ಎಂದು ನಗುತ್ತಾನೆ. ಇರಬಹುದು. ನಾನು ಇಷ್ಟು ವರ್ಷ ಲೆಕ್ಕದ ಪಾಠ ಮಾಡಿದರೂ ಆ ಲೆಕ್ಕ ಬಿಡಿಸಲು ಆಗಿಲ್ಲ. ಅವನ ಹೆಸರು ಹೇಳಿದರೆ ಎದ್ದು ಹೋಗುತ್ತಾನೆ, ಅದಕ್ಕೇ ಹೇಳುವುದಿಲ್ಲ. ಶಾಮಿಯಾನದ ಕೊನೆಯ ಸಾಲಿನಲ್ಲಿ ಕುಳಿತಿದ್ದಾನೆ. ಯಾರೂ ತಿರುಗಿ ನೋಡಬೇಡಿ.

ಈಗ ಶಾಲೆಯ ಮಾತು. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ದೂರದ ಹಳ್ಳಿಗಳ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ತುಳಿದು ಶಾಲೆಗೆ ಬರುವುದನ್ನು ಮೊದಲ ಸಲ ನೋಡಿದಾಗ ನಮ್ಮಂಥ ಹಳೆಯ ವಿದ್ಯಾರ್ಥಿಗಳ ಕಣ್ಣು ತುಂಬಿತ್ತು. ಕಳೆದ ವರ್ಷ ಇಲ್ಲಿಗೆ ಬಂದಾಗ ಶಾಲೆಯ ಹಿಂಭಾಗದ ಶೆಡ್ಡಿಗೆ ಹೋದೆ. ಗೋಡೆಗೆ ಒರಗಿಸಿದ ಎಂಟು ಹತ್ತು ಸೈಕಲ್ ಧೂಳು ತಿನ್ನುತ್ತಿದ್ದವು. ಒಂದೊಂದನ್ನೇ ಎತ್ತಿ ನೋಡಿದೆ. ಒಂದಕ್ಕೆ ನೆಗ್ಗಿಲು ಮುಳ್ಳು ಚುಚ್ಚಿ ಪಂಕ್ಚರ್. ಒಂದಕ್ಕೆ ಬ್ರೇಕಿನ ರಬ್ಬರ್ ಇಲ್ಲ. ಒಂದರ ಸರಪಳಿ ಕಡಿದಿದೆ. ಹೆಚ್ಚಿನವಕ್ಕೆ ಬೇಕಾದದ್ದು ಅರ್ಧ ಗಂಟೆ ಕೆಲಸ, ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಅಲ್ಲಿ ನಿಂತಿದ್ದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದೆ. ಪಂಕ್ಚರ್ ಆದ ಮೇಲೆ ತಾನು ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದೇನೆ, ಮಳೆ ಬಂದ ದಿನ ಬರುವುದಿಲ್ಲ ಎಂದಳು. ಸಲಕರಣೆ ಇದೆ, ಹತ್ತಿರ ನಿಂತು ಸಾಮಾನು ಹಿಡಿಯುವ ಕೈ ಇಲ್ಲ.

ಅದಕ್ಕಾಗಿ ನಮ್ಮ 1982ರ ತಂಡದವರು ಮಾತಾಡಿಕೊಂಡು ಒಂದು ಸಣ್ಣ ಕೆಲಸ ಮಾಡಿದ್ದೇವೆ. ದೊಡ್ಡ ದಾನವೇನಲ್ಲ. ಆ ಶೆಡ್ಡಿನಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡ್ ಹಾಕಿಸಿದ್ದೇವೆ. ಒಂದು ಪೆಟ್ಟಿಗೆ ಇಟ್ಟಿದ್ದೇವೆ. ಅದರಲ್ಲಿ ಪಂಪು, ಪಾನಾಗಳು, ಟಯರ್ ಬಿಚ್ಚುವ ಪಟ್ಟಿ, ಪ್ಯಾಚು, ಸೊಲ್ಯೂಷನ್, ಸ್ಪೋಕ್ ಕೀ, ಬ್ರೇಕ್ ರಬ್ಬರ್, ಎಣ್ಣೆ ಇವೆ. ಮುಗಿದದ್ದನ್ನು ಪ್ರತಿ ವರ್ಷ ಜೂನ್‌ನಲ್ಲಿ ನಾವು ತುಂಬಿಸುತ್ತೇವೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೊತ್ತು ಆ ಕೊನೆಯ ಸಾಲಿನ ಗೆಳೆಯ ಬಂದು ಹೇಳಿಕೊಡುತ್ತಾನೆ. ನಿವೃತ್ತನಾದ ಮೇಲೆ ನಾನೂ ಬರುತ್ತೇನೆ. ಅವನ ಕೈಕೆಳಗೆ ಕೆಲಸ ಮಾಡುತ್ತೇನೆ.

ಅಲ್ಲಿ ಒಂದೇ ನಿಯಮ. ಸೈಕಲ್ ತಂದವರೇ ರಿಪೇರಿ ಮಾಡಬೇಕು, ಆದರೆ ಒಬ್ಬರೇ ಮಾಡಕೂಡದು. ಹಿಡಿದುಕೊಳ್ಳಲು, ಪಂಪು ಒತ್ತಲು ಇನ್ನೊಬ್ಬರು ಜೊತೆಗೆ ಇರಲೇಬೇಕು. ಫ್ರಾನ್ಸಿನ ಆ ಕಮ್ಮಾರಸಾಲೆಯಲ್ಲಿ ತಿದಿ ಒತ್ತಿದರೆ ದಂಡ. ನಮ್ಮ ಶೆಡ್ಡಿನಲ್ಲಿ ಒತ್ತದಿದ್ದರೆ ದಂಡ.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಓಟದ ಸೈಕಲ್ ಏರಿದರೆ ನನಗೆ ಸಂತೋಷವೇ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳ ಹುಡುಗ ಹುಡುಗಿಯರು ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕ ತಂದಿದ್ದಾರೆ. ಆಫ್ರಿಕಾದ ಪುಟ್ಟ ದೇಶ ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್ 2024ರ ಟೂರ್‌ನಲ್ಲಿ ಮೂರು ಹಂತ ಗೆದ್ದು ಹಸಿರು ಅಂಗಿ ತೊಟ್ಟ. ಆದರೆ ಎಲ್ಲರೂ ಅಲ್ಲಿಗೆ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ನಿಮ್ಮ ಓಟ ಮನೆಯಿಂದ ಶಾಲೆಗೆ, ಶಾಲೆಯಿಂದ ಮುಂದಕ್ಕೆ. ಅದರಲ್ಲಿ ಹಿಂದೆ ಬರುತ್ತಿದ್ದ ಗೆಳೆಯ ಕಾಣದೆ ಹೋದರೆ ಒಮ್ಮೆ ತಿರುಗಿ ನೋಡಿ.

ಐವತ್ತು ವರ್ಷಗಳಿಂದ ಈ ಶಾಲೆ ನಮ್ಮಂಥವರನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತುಳಿಯುತ್ತಾ ಬಂದಿದೆ. ಆ ಋಣ ತೀರಿಸುವಂಥದ್ದಲ್ಲ. ಶನಿವಾರ ಒಂದು ಗಂಟೆ ಪಂಪು ಒತ್ತಬಹುದು, ಅಷ್ಟೇ. 

ಜೈ ಹಿಂದ್, ಜೈ ಕರ್ನಾಟಕ.